ಕಾಮಾಲೆಗೆ ಕನಿಕರ, ಎಚ್‌ಐವಿಗೆ ಕಳಂಕ: ಒಬ್ಬ ಸಂಶೋಧಕನ ಬದುಕು ನಮ್ಮನ್ನು ಕೇಳುವ ಪ್ರಶ್ನೆ

(ಬಳ್ಳಾರಿಯಲ್ಲಿ ನಡೆದ ಆರೋಗ್ಯ ಜಾಗೃತಿ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ. ಸಿರುಗುಪ್ಪ ಮತ್ತು ಕುರುಗೋಡಿನ ಮಸೀದಿ ಕಮಿಟಿಗಳ ಸದಸ್ಯರೂ ಸಭೆಯಲ್ಲಿದ್ದರು.)





ನಾನು ವೈದ್ಯನಲ್ಲ. ಮದ್ರಸಾದಲ್ಲಿ ಓದಿದವನು, ಬಳಿಕ ಕಲಾ ಪದವಿ ಪಡೆದು ಪತ್ರಿಕೆಯ ಕೆಲಸಕ್ಕೆ ಬಂದವನು. ಆರೋಗ್ಯದ ಸಭೆಯಲ್ಲಿ ಇವನಿಗೇನು ಕೆಲಸ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನನ್ನ ಮೇಲೊಂದು ಸಾಲವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

2008ನೇ ಇಸವಿ. ಈ ಜಿಲ್ಲೆಯಲ್ಲಿ ಅದಿರಿನ ಲಾರಿಗಳು ಹಗಲಿರುಳೆನ್ನದೆ ಓಡುತ್ತಿದ್ದ ಕಾಲ. ನಾನು ಆಲಿಮ್ ಶಿಕ್ಷಣ ಮುಗಿಸಿ ಮನೆಗೆ ಬಂದು ಕೆಲವೇ ತಿಂಗಳುಗಳಾಗಿದ್ದವು. ನಮ್ಮ ಮೊಹಲ್ಲಾದ ಒಬ್ಬ ಲಾರಿ ಚಾಲಕರು ತೀರಿಕೊಂಡರು. ಅವರಿಗೆ ಎಚ್‌ಐವಿ ಇತ್ತೆಂಬ ಮಾತು ಜನಾಝಾಕ್ಕಿಂತ ಮೊದಲೇ ಓಣಿಯನ್ನೆಲ್ಲ ಸುತ್ತಿ ಬಂದಿತ್ತು. ಪ್ರತಿ ಸಾವಿನಲ್ಲಿಯೂ ಗುಸ್ಲ್‌ಗೆ ಮುಂದಾಗುತ್ತಿದ್ದವರು ಅಂದು ಒಬ್ಬೊಬ್ಬರಾಗಿ ಹಿಂದೆ ಸರಿದರು. ಕೊನೆಗೆ ಇಬ್ಬರು ವೃದ್ಧರು ಒಳಗೆ ಹೋಗಿ ಆ ಕರ್ತವ್ಯವನ್ನು ಪೂರೈಸಿದರು. ಮಯ್ಯತ್‌ನ ಗುಸ್ಲ್‌ನ ನಿಯಮಗಳೆಲ್ಲವೂ ಕಂಠಪಾಠವಾಗಿದ್ದ ನಾನು ಬಾಗಿಲ ಬಳಿ ನಿಂತಿದ್ದೆ. ಒಳಗೆ ಹೋಗಲಿಲ್ಲ.

ಅದೇ ವರ್ಷ ಅದೇ ಓಣಿಯಲ್ಲಿ ಮತ್ತೊಬ್ಬರು ಕಾಮಾಲೆಯಿಂದ ತೀರಿಕೊಂಡಿದ್ದರು. ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ವಾಂತಿಯಾಗಿ ಹೋದ ಜೀವ. ಅವರ ಗುಸ್ಲ್‌ಗೆ ನಾನು ನೀರು ಎರೆದಿದ್ದೆ. ಯಾರೂ ಹಿಂಜರಿಯಲಿಲ್ಲ, ಯಾರ ಕೈಗೂ ಗವಸು ಇರಲಿಲ್ಲ. ಎಲ್ಲರ ಕಣ್ಣಿನಲ್ಲಿಯೂ ಕನಿಕರವಿತ್ತು.

ಎಷ್ಟೋ ವರ್ಷಗಳ ಬಳಿಕ, ವೈರಾಣುಗಳ ಬಗ್ಗೆ ಒಂದು ಲೇಖನ ಬರೆಯಲು ಕುಳಿತಾಗ, ಒಂದು ಲೆಕ್ಕ ನನ್ನ ಕಣ್ಣಿಗೆ ಬಿತ್ತು. ಸೋಂಕಿತನ ರಕ್ತ ತಾಗಿದ ಸೂಜಿ ಆಸ್ಪತ್ರೆಯ ಸಿಬ್ಬಂದಿಗೆ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಸಾವಿರದಲ್ಲಿ ಮೂರು. ಹೆಪಟೈಟಿಸ್ ಬಿ ತಗಲುವ ಸಾಧ್ಯತೆ, ಲಸಿಕೆ ಪಡೆಯದವರಲ್ಲಿ, ನೂರರಲ್ಲಿ ಮೂವತ್ತರವರೆಗೂ ಹೋಗಬಹುದು. ಎಚ್‌ಐವಿ ವೈರಾಣು ದೇಹದ ಹೊರಗೆ ಬಹಳ ದುರ್ಬಲ. ಹೆಪಟೈಟಿಸ್ ಬಿ ವೈರಾಣುವಾದರೋ ಒಣಗಿದ ರಕ್ತದ ಕಲೆಯಲ್ಲಿ ಏಳು ದಿನಗಳಾದರೂ ಜೀವ ಹಿಡಿದಿರಬಲ್ಲದು. ಅಂದರೆ, ನಾವು ಅಂಜಬೇಕಾದಲ್ಲಿ ಅಂಜಿರಲಿಲ್ಲ. ನಮ್ಮ ಭಯವು ಅಪಾಯವನ್ನು ಅಳೆದು ಹುಟ್ಟಿದ್ದಲ್ಲ, ಮಾನ–ಅವಮಾನಗಳನ್ನು ಅಳೆದು ಹುಟ್ಟಿದ್ದಾಗಿತ್ತು. ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ಮಾತು ಇಷ್ಟೇ.

ಆ ಎರಡೂ ರೋಗಗಳನ್ನು ಒಂದೇ ಮೇಜಿನ ಮೇಲಿಟ್ಟು ಅಧ್ಯಯನ ಮಾಡಿದ ಒಬ್ಬ ವಿಜ್ಞಾನಿಯ ಬದುಕಿನ ಮೂಲಕ ಈ ಮಾತನ್ನು ವಿವರಿಸಲು ಪ್ರಯತ್ನಿಸುತ್ತೇನೆ. ಅವರ ಹೆಸರು ಶಾಹಿದ್ ಜಮೀಲ್.

ಅಲಿಗಢದಿಂದ ಪ್ರಯೋಗಾಲಯಕ್ಕೆ

ಶಾಹಿದ್ ಜಮೀಲ್ 1957ರಲ್ಲಿ ಜನಿಸಿದರು. ಸರ್ ಸೈಯದ್ ಅಹ್ಮದ್ ಖಾನ್ ಬಿತ್ತಿದ ಬೀಜದಿಂದ ಬೆಳೆದ ಅಲಿಗಢ ಮುಸ್ಲಿಮ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪದವಿ, ಕಾನ್ಪುರದ ಐಐಟಿಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1984ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಗಳಿಸಿದರು. ಬಳಿಕ ಕೊಲೊರಾಡೋದಲ್ಲಿ ಅಲೀಮ್ ಸಿದ್ದೀಕಿ ಎಂಬ ವಿಜ್ಞಾನಿಯೊಂದಿಗೆ ಹೆಪಟೈಟಿಸ್ ಬಿ ವೈರಾಣುವಿನ ಮೇಲೆ ಕೆಲಸ ಮಾಡಿದರು. ಅವರು ವೈದ್ಯರಲ್ಲ, ಮೂಲತಃ ರಸಾಯನಶಾಸ್ತ್ರಜ್ಞರು ಎಂಬುದನ್ನು ಇಲ್ಲಿರುವ ವಿದ್ಯಾರ್ಥಿಗಳು ಗಮನಿಸಬೇಕು. ಎಂಬಿಬಿಎಸ್ ಸೀಟು ಸಿಗದಿದ್ದರೆ ಬದುಕೇ ಮುಗಿಯಿತೆಂದು ಕೊರಗುವ ಮಕ್ಕಳು ಮತ್ತು ಅವರಿಗಿಂತ ಹೆಚ್ಚು ಕೊರಗುವ ತಂದೆ–ತಾಯಂದಿರು ನಮ್ಮಲ್ಲಿದ್ದಾರೆ. ಬಿಎಸ್ಸಿಯ ದಾರಿಯಿಂದಲೂ ರೋಗಿಗಳ ಸೇವೆಗೆ ತಲುಪಬಹುದು.

ಅವರಿಗೆ ಅಮೆರಿಕದಲ್ಲಿಯೇ ನೆಲೆಸಲು ಅವಕಾಶವಿತ್ತು. ಆದರೆ ಅವರು ಮರಳಿದರು. ಹೊಸದಿಲ್ಲಿಯ ಅಂತಾರಾಷ್ಟ್ರೀಯ ತಳಿ ಎಂಜಿನಿಯರಿಂಗ್ ಮತ್ತು ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿ 1988ರಲ್ಲಿ ವೈರಾಣು ವಿಜ್ಞಾನದ ತಂಡವನ್ನು ಕಟ್ಟಿದರು. ಕಾಲು ಶತಮಾನ ಕಾಲ ಅಲ್ಲಿ ಅವರು ಮುಖ್ಯವಾಗಿ ಹೆಪಟೈಟಿಸ್ ಇ ಮತ್ತು ಎಚ್‌ಐವಿ ಎಂಬ ಎರಡು ವೈರಾಣುಗಳನ್ನು ಅಭ್ಯಸಿಸಿದರು. 2000ನೇ ಇಸವಿಯಲ್ಲಿ ವೈದ್ಯಕೀಯ ವಿಜ್ಞಾನಕ್ಕಾಗಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಅವರಿಗೆ ಲಭಿಸಿತು.

ಒಂದು ನೀರಿನಿಂದ ಬರುವ ರೋಗ. ಇನ್ನೊಂದು ರಕ್ತದಿಂದ ಮತ್ತು ದೈಹಿಕ ಸಂಬಂಧದಿಂದ ಹರಡುವ ರೋಗ. ಸಮಾಜ ಮೊದಲನೆಯದನ್ನು ದುರದೃಷ್ಟ ಎನ್ನುತ್ತದೆ, ಎರಡನೆಯದನ್ನು ದುರ್ನಡತೆ ಎನ್ನುತ್ತದೆ. ಪ್ರಯೋಗಾಲಯದಲ್ಲಿ ಈ ಭೇದಕ್ಕೆ ಸ್ಥಾನವಿಲ್ಲ. ಅಲ್ಲಿ ಕೇಳಲಾಗುವ ಪ್ರಶ್ನೆಗಳು ಎರಡೇ: ಇದು ಯಾವ ದಾರಿಯಿಂದ ಬಂತು? ಆ ದಾರಿಯನ್ನು ಮುಚ್ಚುವುದು ಹೇಗೆ?

ನಲ್ಲಿಯಲ್ಲಿ ಬರುವ ಕಾಮಾಲೆ

ಮೊದಲು ನೀರಿನ ದಾರಿಯನ್ನು ನೋಡೋಣ. 1955ರ ಕೊನೆಯಲ್ಲಿ ದಿಲ್ಲಿಯಲ್ಲಿ ಯಮುನೆಯ ನೀರೆತ್ತುವ ಸ್ಥಳಕ್ಕೆ ಚರಂಡಿಯ ನೀರು ಸೇರಿಕೊಂಡಿತು. ಕೆಲವೇ ವಾರಗಳಲ್ಲಿ ಸುಮಾರು 29,000 ಮಂದಿಗೆ ಕಾಮಾಲೆಯಾಯಿತು. 1978ರ ಚಳಿಗಾಲದಲ್ಲಿ ಕಾಶ್ಮೀರದ ಹಳ್ಳಿಗಳಲ್ಲಿ ಅಂಥದೇ ಪಿಡುಗು ಕಾಣಿಸಿತು. ಅಲ್ಲಿನ ವೈದ್ಯ ಮುಹಮ್ಮದ್ ಸುಲ್ತಾನ್ ಖುರೂ ಹಳ್ಳಿಗಳಿಗೆ ಹೋಗಿ ರೋಗಿಗಳನ್ನು ಪರೀಕ್ಷಿಸಿದರು, ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಅದು ಹೆಪಟೈಟಿಸ್ ಎ ಆಗಿರಲಿಲ್ಲ, ಬಿ ಕೂಡ ಆಗಿರಲಿಲ್ಲ. ಹೊಸದೊಂದು ರೋಗಾಣು ಇದೆಯೆಂದು 1980ರಲ್ಲಿ ಅವರು ಜಗತ್ತಿಗೆ ತಿಳಿಸಿದರು. ಈ ರೋಗ ಗರ್ಭಿಣಿಯರನ್ನು ವಿಶೇಷವಾಗಿ ಬಲಿ ತೆಗೆದುಕೊಳ್ಳುತ್ತದೆ ಎಂಬ ಕಟು ಸತ್ಯವನ್ನೂ ಅವರು ದಾಖಲಿಸಿದರು. ಕೊನೆಯ ಮೂರು ತಿಂಗಳಲ್ಲಿರುವ ಗರ್ಭಿಣಿಯರಿಗೆ ಇದು ತಗಲಿದರೆ ನೂರರಲ್ಲಿ ಇಪ್ಪತ್ತು–ಇಪ್ಪತ್ತೈದು ಮಂದಿಯವರೆಗೂ ಸಾಯಬಹುದು. 1983ರಲ್ಲಿ ರಷ್ಯಾದ ವಿಜ್ಞಾನಿ ಮಿಖಾಯಿಲ್ ಬಲಾಯನ್, ರೋಗಿಗಳ ಮಲದಿಂದ ತಯಾರಿಸಿದ ದ್ರಾವಣವನ್ನು ತಾವೇ ಕುಡಿದು, ಕಾಮಾಲೆಗೆ ಗುರಿಯಾಗಿ, ಆ ವೈರಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅದಕ್ಕೆ ಹೆಪಟೈಟಿಸ್ ಇ ಎಂಬ ಹೆಸರು ಬಂದದ್ದು ಆ ಬಳಿಕ.

ಜಮೀಲ್ ಅವರ ಪ್ರಯೋಗಾಲಯ ಮುಂದಿನ ಹೆಜ್ಜೆ ಇಟ್ಟಿತು. ಈ ವೈರಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಬಹಳ ಕಷ್ಟ. ಆದ್ದರಿಂದ ಅದರ ವಂಶವಾಹಿಯ ತುಣುಕುಗಳನ್ನು ಪ್ರತ್ಯೇಕಿಸಿ, ಒಂದೊಂದು ತುಣುಕು ತಯಾರಿಸುವ ಪ್ರೋಟೀನ್ ಯಕೃತ್ತಿನ ಜೀವಕೋಶದಲ್ಲಿ ಏನು ಮಾಡುತ್ತದೆಂದು ಅವರ ತಂಡ ವರ್ಷಗಟ್ಟಲೆ ಪರಿಶೀಲಿಸಿತು. ವೈರಾಣುವಿನ ಒಂದು ಪುಟ್ಟ ಪ್ರೋಟೀನ್ ಜೀವಕೋಶದ ಒಳಗಿನ ಸಂದೇಶಗಳ ನಡುವೆ ಕೈಹಾಕಿ, ಆ ಕೋಶವನ್ನು ತನಗೆ ಬೇಕಾದಂತೆ ಬಳಸಿಕೊಳ್ಳುವ ಬಗೆಯನ್ನು ಅವರು ತೋರಿಸಿದರು. ಇಂತಹ ಕೆಲಸದಲ್ಲಿ ಚಪ್ಪಾಳೆ ಕಡಿಮೆ, ಸಹನೆ ಹೆಚ್ಚು.

ಇದಕ್ಕೂ ಬಳ್ಳಾರಿಗೂ ಏನು ಸಂಬಂಧ? ತುಂಗಭದ್ರೆಯ ನೀರು ಕಾಲುವೆಯಿಂದ ಕೆರೆಗೆ, ಕೆರೆಯಿಂದ ನಮ್ಮ ನಲ್ಲಿಗೆ ಬರುತ್ತದೆ. ಎಷ್ಟೋ ಓಣಿಗಳಿಗೆ ನೀರು ಬರುವುದು ಹಲವು ದಿನಗಳಿಗೊಮ್ಮೆ. ನೀರು ಬಿಡದ ದಿನಗಳಲ್ಲಿ ಪೈಪು ಖಾಲಿಯಾಗಿರುತ್ತದೆ. ಖಾಲಿ ಪೈಪು ತನ್ನ ಬಿರುಕುಗಳಿಂದ ಸುತ್ತಲಿನ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ. ಪೈಪು ಚರಂಡಿಯ ಪಕ್ಕದಲ್ಲಿಯೋ ಒಳಗೋ ಹಾದುಹೋಗಿದ್ದರೆ ಚರಂಡಿಯೇ ಅದರೊಳಗೆ ಸೇರುತ್ತದೆ. ಮುಂದಿನ ಬಾರಿ ನೀರು ಬಿಟ್ಟಾಗ ಮೊದಲ ಕೊಡ ತುಂಬುವುದು ಅದರಿಂದಲೇ. ಆದುದರಿಂದ ಮೊದಲು ಬರುವ ನೀರನ್ನು ಚೆಲ್ಲಬೇಕು, ಕುಡಿಯುವ ನೀರನ್ನು ಕುದಿಸಬೇಕು, ಮನೆಯಲ್ಲಿ ಗರ್ಭಿಣಿ ಇದ್ದರೆ ಇದರಲ್ಲಿ ಯಾವ ರಿಯಾಯಿತಿಯೂ ಸಲ್ಲದು. ಅಷ್ಟಕ್ಕೇ ನಿಲ್ಲದೆ, ಚರಂಡಿಯೊಳಗಿನ ಪೈಪನ್ನು ಬದಲಿಸಿಕೊಡಿ ಎಂದು ಪಾಲಿಕೆಯ ಸದಸ್ಯರನ್ನು ಕೇಳಬೇಕು. ನೆಲದಡಿಯಿಂದ ಕೋಟಿಗಟ್ಟಲೆ ಸಂಪತ್ತನ್ನು ತೆಗೆದುಕೊಟ್ಟ ಜಿಲ್ಲೆಯಿದು. ಈ ಜಿಲ್ಲೆಯ ಬಡವನಿಗೆ ಶುದ್ಧ ನೀರು ಕೇಳುವ ಹಕ್ಕಿದೆ. ಚುನಾವಣೆ ಬಂದಾಗ ಶಾದಿಮಹಲ್ ಕೇಳುವ ನಾವು ಪೈಪನ್ನು ಕೇಳುತ್ತೇವೆಯೇ?

ಎಲೆಮದ್ದು ಮತ್ತು ಮೌನ

ನಮ್ಮ ಮನೆಗಳಲ್ಲಿ ಯರ್ಕಾನ್ ಎಂದರೆ ಎಲೆಮದ್ದು, ತಾಯಿತ, ಕೈಗೆ ಬರೆ. ವಾಸಿಯಾದವರನ್ನು ನಾವೇ ಕಣ್ಣಾರೆ ಕಂಡಿದ್ದೇವಲ್ಲ ಎಂದು ಹಿರಿಯರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನೀರಿನಿಂದ ಬರುವ ಎ ಮತ್ತು ಇ ಎಂಬ ಕಾಮಾಲೆಗಳು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಶಮನವಾಗುತ್ತವೆ. ಕೀರ್ತಿ ಮಾತ್ರ ಎಲೆಗೆ ಹೋಗುತ್ತದೆ. ಆದರೆ ರಕ್ತದಿಂದ ಬರುವ ಬಿ ಮತ್ತು ಸಿ ಹಾಗಲ್ಲ. ಅವು ಹತ್ತು–ಇಪ್ಪತ್ತು ವರ್ಷ ಯಾವ ಸದ್ದೂ ಮಾಡದೆ ಯಕೃತ್ತಿನಲ್ಲಿ ಕುಳಿತು, ಕೊನೆಗೆ ಅದನ್ನು ಗಡುಸಾಗಿಸಿ ಅಥವಾ ಕ್ಯಾನ್ಸರಿಗೆ ತಿರುಗಿಸಿ ಹೊರಬರುತ್ತವೆ. ಕಣ್ಣು ಹಳದಿಯಾಗಿಲ್ಲ ಎಂದರೆ ರೋಗವಿಲ್ಲ ಎಂದರ್ಥವಲ್ಲ. ಯಾವ ಕಾಮಾಲೆ ಎಂದು ತಿಳಿಯಲು ರಕ್ತಪರೀಕ್ಷೆಯ ಹೊರತು ಬೇರೆ ದಾರಿಯಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ, 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಉಳ್ಳವರು ಸುಮಾರು 2 ಕೋಟಿ 98 ಲಕ್ಷ, ಹೆಪಟೈಟಿಸ್ ಸಿ ಉಳ್ಳವರು ಸುಮಾರು 55 ಲಕ್ಷ. ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು 25 ಲಕ್ಷ. ನಾವು ಯಾವುದರ ಹೆಸರೆತ್ತಲು ಹೆದರುತ್ತೇವೋ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಮಂದಿಯಲ್ಲಿ, ನಾವು ಹೆಸರೂ ಕೇಳದ ಇನ್ನೊಂದು ರೋಗವಿದೆ.

ಸಿರುಗುಪ್ಪದ ಒಬ್ಬ ತರುಣ ನನ್ನ ಬಳಿಗೆ ಬಂದಿದ್ದ. ಅಕ್ಕಿ ಗಿರಣಿಯಲ್ಲಿ ದುಡಿಯುವವರ ಮನೆಯ ಹುಡುಗ. ಗಲ್ಫಿನ ಕೆಲಸಕ್ಕೆ ಎಲ್ಲವೂ ಸಿದ್ಧವಾಗಿತ್ತು, ಸಾಲವೂ ಆಗಿತ್ತು. ವೈದ್ಯಕೀಯ ತಪಾಸಣೆಯಲ್ಲಿ ‘ಅನ್‌ಫಿಟ್’ ಎಂದು ಬರೆದುಕೊಟ್ಟರು. ಹೆಪಟೈಟಿಸ್ ಬಿ. ಅವನಿಗೆ ಯಾವ ನೋವೂ ಇರಲಿಲ್ಲ, ಯಾವ ದುಶ್ಚಟವೂ ಇರಲಿಲ್ಲ. ಮನೆಯವರು ಆ ಚೀಟಿಯನ್ನು ಬಚ್ಚಿಟ್ಟರು. ಸುದ್ದಿ ಹೊರಬಿದ್ದರೆ ತಂಗಿಯ ಸಂಬಂಧ ಕೆಡುತ್ತದೆಂಬ ಭಯ. ಚಿಕಿತ್ಸೆಯ ಮಾತನ್ನು ಯಾರೂ ಎತ್ತಲಿಲ್ಲ. “ಮೌಲಾನಾ, ನಾನು ಯಾವ ಗುನಾಹ್ ಮಾಡಿದ್ದೇನೆ?” ಎಂದು ಅವನು ಕೇಳಿದ. ಹುಟ್ಟುವಾಗಲೇ ತಾಯಿಯಿಂದ ಬಂದಿರಬಹುದು, ಬಾಲ್ಯದಲ್ಲಿ ಯಾರೋ ಕುದಿಸದ ಸೂಜಿ ಚುಚ್ಚಿದ್ದಿರಬಹುದು ಎಂದು ವೈದ್ಯರು ತಿಳಿಸಿದರು. ನವಜಾತ ಶಿಶುವಿಗೆ ತಗಲಿದರೆ ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳಲ್ಲಿ ಇದು ಶಾಶ್ವತವಾಗಿ ನೆಲೆಸುತ್ತದೆ. ಅವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತಾಯಿ, ತಂಗಿ, ತಮ್ಮಂದಿರ ರಕ್ತಪರೀಕ್ಷೆಯೂ ಆಯಿತು. ಸೋಂಕಿಲ್ಲದವರಿಗೆ ಲಸಿಕೆ ಹಾಕಿಸಲಾಯಿತು. ಬಚ್ಚಿಟ್ಟ ಚೀಟಿ ಆ ಮನೆಯನ್ನು ಕಾಪಾಡಲಿಲ್ಲ, ಹೊರತೆಗೆದ ಚೀಟಿ ಕಾಪಾಡಿತು.

ಲಸಿಕೆಯ ಕಥೆಯೂ ನಮಗೆ ದೂರದ್ದಲ್ಲ. ಆಮದಾದ ಹೆಪಟೈಟಿಸ್ ಬಿ ಲಸಿಕೆಗೆ ನೂರಾರು ರೂಪಾಯಿ ತೆರಬೇಕಾಗಿದ್ದ ಕಾಲದಲ್ಲಿ ಹೈದರಾಬಾದಿನ ವರಪ್ರಸಾದ ರೆಡ್ಡಿಯವರ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆ 1997ರಲ್ಲಿ ದೇಶೀಯ ಲಸಿಕೆಯನ್ನು ತಂದು ಬೆಲೆಯನ್ನು ಬಡವರ ಕೈಗೆಟಕುವಂತೆ ಇಳಿಸಿತು. ಆ ಸಂಸ್ಥೆಗೆ ಬಂಡವಾಳ ಒದಗಿಸಿದವರು ಒಮಾನ್‌ನ ವಿದೇಶ ಸಚಿವರಾಗಿದ್ದ ಯೂಸುಫ್ ಬಿನ್ ಅಲವಿ. ಒಬ್ಬ ಹಿಂದೂ ಎಂಜಿನಿಯರ್‌ನ ಛಲ, ಒಬ್ಬ ಅರಬ್ ಮುಸ್ಲಿಮನ ಹಣ. ಪ್ರಯೋಜನ ಪಡೆದದ್ದು ಎಲ್ಲರ ಮಕ್ಕಳು. ಇಂದು ಈ ಲಸಿಕೆ ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಉಚಿತ. ಹೆರಿಗೆಯಾದ 24 ಗಂಟೆಗಳ ಒಳಗೆ ಮೊದಲ ಡೋಸ್, ಬಳಿಕ ಆರು, ಹತ್ತು ಮತ್ತು ಹದಿನಾಲ್ಕನೇ ವಾರಗಳಲ್ಲಿ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಸುಮಾರು ಹನ್ನೆರಡು ವಾರಗಳ ಮಾತ್ರೆಗಳಿಂದ ನೂರಕ್ಕೆ ತೊಂಬತ್ತೈದರಷ್ಟು ರೋಗಿಗಳು ಸಂಪೂರ್ಣ ಗುಣಮುಖರಾಗುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧ ಉಚಿತ.

ಇಲ್ಲಿ ನಾವು ನಮ್ಮೊಳಗೂ ನೋಡಿಕೊಳ್ಳಬೇಕು. ಸಾಮೂಹಿಕ ಖತ್ನಾ ಕಾರ್ಯಕ್ರಮಗಳಲ್ಲಿ ಒಂದೇ ಕತ್ತಿ ಎಷ್ಟು ಮಕ್ಕಳ ಮೇಲೆ ಆಡುತ್ತದೆ? ಹಿಜಾಮಾ ಸುನ್ನತ್ ಎನ್ನುತ್ತೇವೆ, ಸರಿ. ಒಬ್ಬರಿಗೆ ಬಳಸಿದ ಬ್ಲೇಡ್ ಇನ್ನೊಬ್ಬರ ಬೆನ್ನಿಗೆ ತಾಗುವುದು ಯಾವ ಸುನ್ನತ್? ಹಜ್ ಮತ್ತು ಉಮ್ರಾದಲ್ಲಿ ತಲೆ ಬೋಳಿಸಿಕೊಳ್ಳುವಾಗ ಬೀದಿಬದಿಯ ಕ್ಷೌರಿಕನ ಬ್ಲೇಡ್ ಹೊಸದೇ ಎಂದು ಕೇಳಿದವರೆಷ್ಟು ಮಂದಿ? ಶುದ್ಧಿಯನ್ನು ಈಮಾನಿನ ಭಾಗವೆಂದು ನಂಬುವ ಸಮುದಾಯಕ್ಕೆ ಇವೆಲ್ಲವನ್ನೂ ಹೊರಗಿನವರು ಬಂದು ಹೇಳಬೇಕೆ?

ಎಚ್‌ಐವಿ: ರೋಗಕ್ಕಿಂತ ದೊಡ್ಡ ರೋಗ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದುದು 1986ರಲ್ಲಿ, ಚೆನ್ನೈಯಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ. ನಮ್ಮ ದೇಶದ ಸಂಸ್ಕೃತಿಯಲ್ಲಿ ಈ ರೋಗ ಬರಲಾರದೆಂದು ಅನೇಕರು ನಂಬಿದ್ದ ಕಾಲವದು. ಎಲ್ಲ ಸಮುದಾಯಗಳೂ ಹಾಗೆಯೇ ನಂಬಿದ್ದವು, ನಮ್ಮದೂ ಸಹ. ವೈರಾಣು ಆ ನಂಬಿಕೆಯನ್ನು ಲೆಕ್ಕಿಸಲಿಲ್ಲ.

ಜಮೀಲ್ ಅವರು ಎಚ್‌ಐವಿಯ ಮೇಲೆ ನಡೆಸಿದ ಸಂಶೋಧನೆಯೊಂದಕ್ಕೆ ನಮ್ಮ ರಾಜ್ಯದ ನಂಟೂ ಇದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್ ಮತ್ತು ದಿಲ್ಲಿಯ ವಿಜ್ಞಾನಿಗಳೊಂದಿಗೆ 2005ರಲ್ಲಿ ಪ್ರಕಟಿಸಿದ ಕೆಲಸವದು. ನಮ್ಮ ದೇಹದ ಕೆಲವು ರಕ್ಷಣಾ ಕೋಶಗಳು ತಮ್ಮ ಮೈಮೇಲೆ ಎಚ್ಚರಿಕೆಯ ಬಾವುಟಗಳಂತಹ ಅಣುಗಳನ್ನು ಹೊತ್ತಿರುತ್ತವೆ. ಶತ್ರು ಬಂದಿದ್ದಾನೆಂದು ಇತರ ಕೋಶಗಳನ್ನು ಎಚ್ಚರಿಸಲು ಅವು ಬೇಕು. ಎಚ್‌ಐವಿಯ ನೆಫ್ ಎಂಬ ಪ್ರೋಟೀನ್ ಆ ಬಾವುಟಗಳನ್ನು ಕೋಶದ ಒಳಕ್ಕೆ ಎಳೆದುಹಾಕುತ್ತದೆ ಎಂದು ಅವರು ತೋರಿಸಿದರು. ಕಾವಲುಗಾರ ಇದ್ದಾನೆ, ಆದರೆ ಕೂಗಲಾರ. ಇದನ್ನು ಓದುವಾಗ ನನಗೆ ನಮ್ಮ ಓಣಿಯೇ ನೆನಪಾಯಿತು. ಅಲ್ಲಿಯೂ ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಮಾತನಾಡುವುದಿಲ್ಲ.

ಆ ಮೌನದ ಬೆಲೆಯನ್ನು ತೆರುವವರು ಯಾರು? ಹೆಚ್ಚಾಗಿ ಮನೆಯೊಳಗಿನ ಹೆಂಗಸರು. ನಿಕಾಹ್‌ನ ಪವಿತ್ರ ಬಂಧನದ ಹೊರತು ಬೇರೇನನ್ನೂ ಅರಿಯದ ಹೆಣ್ಣುಮಗಳು, ಗಂಡನಿಂದ ಸೋಂಕು ಪಡೆದು, ಗಂಡ ಸತ್ತ ಬಳಿಕ ಅತ್ತೆಮನೆಯಿಂದ ಹೊರದೂಡಲ್ಪಟ್ಟು, ತವರಿನಲ್ಲಿ ಬೇರೆ ತಟ್ಟೆ, ಬೇರೆ ಲೋಟ ಹಿಡಿದು ಕುಳಿತಿರುವುದನ್ನು ಕುರುಗೋಡಿನ ಒಂದು ಮನೆಯಲ್ಲಿ ನಾನು ಕಂಡಿದ್ದೇನೆ. ತಟ್ಟೆಯಿಂದ, ಲೋಟದಿಂದ, ಮುಸಾಫಹಾದಿಂದ, ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದರಿಂದ ಎಚ್‌ಐವಿ ಹರಡುವುದಿಲ್ಲ. ಆ ಮನೆಯವರು ದುಷ್ಟರಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೆ. ಜುಮಾ ಖುತ್ಬಾದಲ್ಲಿ ಹೇಳಬೇಕಾಗಿದ್ದ ನಮ್ಮಂಥವರೂ ಹೇಳಿರಲಿಲ್ಲ.

ವ್ಯಭಿಚಾರ ಹರಾಮ್ ಎಂಬುದರಲ್ಲಿ ನಮಗೆ ಯಾವ ಸಂದೇಹವೂ ಇಲ್ಲ. ಅದನ್ನು ಹೇಳುತ್ತಲೇ ಇರಬೇಕು. ದಾಂಪತ್ಯ ನಿಷ್ಠೆಯೇ ಈ ರೋಗದ ವಿರುದ್ಧದ ದೊಡ್ಡ ಕೋಟೆ ಎಂಬುದೂ ನಿಜ. ಆದರೆ ರೋಗಿಯ ರಕ್ತಪರೀಕ್ಷೆಯ ಚೀಟಿಯನ್ನು ನಾವು ಅವನ ಕರ್ಮಪತ್ರವೆಂದು ಓದಲಾಗದು. ಕರ್ಮಪತ್ರ ಅಲ್ಲಾಹನ ಬಳಿಯಲ್ಲಿದೆ. ಪ್ರವಾದಿವರ್ಯರು(ಸ) ರೋಗಿಯನ್ನು ಸಂದರ್ಶಿಸುವುದನ್ನು ಮುಸ್ಲಿಮನ ಮೇಲಿನ ಹಕ್ಕೆಂದು ಕಲಿಸಿದರು. ಯಾವ ರೋಗ, ಹೇಗೆ ಬಂತು ಎಂದು ವಿಚಾರಿಸಿ ಬಳಿಕ ಸಂದರ್ಶಿಸಿರಿ ಎಂಬ ಷರತ್ತನ್ನು ಅವರು ಇಡಲಿಲ್ಲ.

ಈಗಿನ ಪರಿಸ್ಥಿತಿಯನ್ನು ತಿಳಿಯಿರಿ. 2004ರಿಂದ ಸರ್ಕಾರ ಎಚ್‌ಐವಿಗೆ ಉಚಿತ ಔಷಧ ನೀಡುತ್ತಿದೆ. ಹೆಚ್ಚಿನವರಿಗೆ ದಿನಕ್ಕೊಂದು ಮಾತ್ರೆ ಸಾಕು. ಕ್ರಮವಾಗಿ ಔಷಧ ಸೇವಿಸಿ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕುಗ್ಗಿದವರಿಂದ ಬಾಳಸಂಗಾತಿಗೆ ಸೋಂಕು ಹರಡುವುದಿಲ್ಲ ಎಂಬುದು ಸಿದ್ಧವಾಗಿದೆ. ಚಿಕಿತ್ಸೆ ಪಡೆಯುವ ತಾಯಿಯಿಂದ ಮಗುವಿಗೆ ಹರಡುವ ಸಾಧ್ಯತೆಯನ್ನು ನೂರರಲ್ಲಿ ಐದಕ್ಕಿಂತ ಕೆಳಗೆ ಇಳಿಸಬಹುದು, ಚಿಕಿತ್ಸೆಯಿಲ್ಲದಿದ್ದರೆ ಅದು ನಲವತ್ತೈದರವರೆಗೂ ಏರಬಲ್ಲದು. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ, ಸೋಂಕಿತರಿಗೆ ಕೆಲಸ, ಶಿಕ್ಷಣ, ಮನೆ, ಚಿಕಿತ್ಸೆ ನಿರಾಕರಿಸುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಒಪ್ಪಿಗೆಯಿಲ್ಲದೆ ಇನ್ನೊಬ್ಬರ ವಿಷಯವನ್ನು ಬಹಿರಂಗಪಡಿಸುವಂತಿಲ್ಲ. 1097 ಎಂಬ ಉಚಿತ ದೂರವಾಣಿಯಲ್ಲಿ ಹೆಸರು ಹೇಳದೆಯೇ ವಿಚಾರಿಸಬಹುದು.

ಸತ್ಯ ಹೇಳುವುದರ ಬೆಲೆ

ಜಮೀಲ್ ಅವರ ಬದುಕಿನ ಮುಂದಿನ ಘಟ್ಟಕ್ಕೆ ಬರುತ್ತೇನೆ. 2013ರಲ್ಲಿ ಅವರು ಹೈದರಾಬಾದಿನಲ್ಲಿದ್ದ, ಯುವ ವಿಜ್ಞಾನಿಗಳಿಗೆ ಧನಸಹಾಯ ನೀಡುವ ಇಂಡಿಯಾ ಅಲಯನ್ಸ್ ಸಂಸ್ಥೆಯ ಮುಖ್ಯಸ್ಥರಾದರು. 2020ರವರೆಗೂ ಆ ಹೊಣೆಯಲ್ಲಿದ್ದರು. ಆ ಬಳಿಕ ಕೋವಿಡ್ ವೈರಾಣುವಿನ ರೂಪಾಂತರಗಳನ್ನು ಗುರುತಿಸುವ ಸರ್ಕಾರಿ ಒಕ್ಕೂಟದ ವೈಜ್ಞಾನಿಕ ಸಲಹಾ ಸಮಿತಿಗೆ ಅಧ್ಯಕ್ಷರಾದರು. 2021ರ ಎರಡನೇ ಅಲೆಯನ್ನು ನೀವು ಮರೆತಿರಲಾರಿರಿ. ಆಮ್ಲಜನಕಕ್ಕಾಗಿ ಅಲೆದವರು ಈ ಸಭೆಯಲ್ಲಿಯೂ ಇದ್ದೀರಿ. ಆ ಏಪ್ರಿಲ್ ಕೊನೆಯಲ್ಲಿ 800ಕ್ಕೂ ಹೆಚ್ಚು ವಿಜ್ಞಾನಿಗಳು ಅಂಕಿ–ಅಂಶಗಳನ್ನು ತಮಗೆ ಒದಗಿಸಬೇಕೆಂದು ಪ್ರಧಾನಿಗೆ ಮನವಿ ಮಾಡಿದರು. ಮೇ ತಿಂಗಳಲ್ಲಿ ಜಮೀಲ್ ಅವರು ಅಮೆರಿಕದ ಪತ್ರಿಕೆಯೊಂದರಲ್ಲಿ, ಪುರಾವೆಯ ಆಧಾರದ ಮೇಲೆ ನೀತಿ ರೂಪಿಸಲು ಆಳುವವರಿಂದ ಪ್ರತಿರೋಧವಿದೆಯೆಂದು ಬಹಿರಂಗವಾಗಿ ಬರೆದರು. ಕೆಲವೇ ದಿನಗಳಲ್ಲಿ ಆ ಹುದ್ದೆಗೆ ರಾಜೀನಾಮೆ ನೀಡಿದರು. ಕಾರಣವನ್ನು ಅವರು ಹೇಳಲಿಲ್ಲ. ನಾವೂ ಊಹಿಸುವುದು ಬೇಡ. ಅಧಿಕಾರದ ಹತ್ತಿರವಿದ್ದೂ ಅವರು ತಮಗೆ ಕಂಡದ್ದನ್ನು ಹೇಳಿದರು ಎಂಬುದು ಸಾಕು.

ಸರ್ಕಾರವನ್ನು ಟೀಕಿಸುವಾಗ ನಮ್ಮಲ್ಲಿ ಬಹಳ ಉತ್ಸಾಹ. ಆದರೆ ಪುರಾವೆಗೆ ಪ್ರತಿರೋಧ ನಮ್ಮ ಮನೆಗಳಲ್ಲಿಲ್ಲವೇ? ಪೋಲಿಯೋ ಹನಿಯಿಂದ ಸಂತಾನಹೀನತೆ ಬರುತ್ತದೆಂಬ ವದಂತಿಯನ್ನು ಹಂಚಿದವರು ಯಾರು? 2017ರಲ್ಲಿ ನಮ್ಮ ರಾಜ್ಯದಲ್ಲಿ ದಡಾರ–ರುಬೆಲ್ಲಾ ಲಸಿಕೆ ಆರಂಭವಾದಾಗ ಮೊಬೈಲಿನಲ್ಲಿ ಬಂದ ಸುಳ್ಳನ್ನು ನಂಬಿ ಮಕ್ಕಳನ್ನು ಶಾಲೆಗೆ ಕಳುಹಿಸದವರು ಯಾರು? ದೊರೆಯ ಮುಂದೆ ಸತ್ಯ ಹೇಳುವುದು ಜಿಹಾದ್ ಎನ್ನುವ ನಾವು, ನಮ್ಮ ಓಣಿಯ ಮುಂದೆ ಸತ್ಯ ಹೇಳಲು ಏಕೆ ತಡವರಿಸುತ್ತೇವೆ?

ಮದ್ರಸಾದವನಾಗಿ ಇನ್ನೊಂದು ಮಾತು. ಇಮಾಮ್ ಗಝಾಲಿ(ರ) ಒಂಬೈನೂರು ವರ್ಷಗಳ ಹಿಂದೆಯೇ ವೈದ್ಯಶಾಸ್ತ್ರವನ್ನು ಫರ್ಝ್ ಕಿಫಾಯಾ ಎಂದು ಎಣಿಸಿದ್ದರು. ಊರಿನಲ್ಲಿ ಒಬ್ಬನೂ ಅದನ್ನು ಕಲಿಯದಿದ್ದರೆ ಇಡೀ ಊರೇ ಪಾಪದ ಹೊಣೆ ಹೊರಬೇಕೆಂದು ಅರ್ಥ. ಫಿಕ್‌ಹ್ ಕಲಿಯಲು ಜನ ಮುಗಿಬೀಳುತ್ತಾರೆ, ವೈದ್ಯ ಕಲಿಯುವವರೇ ಇಲ್ಲ ಎಂದು ಅವರು ತಮ್ಮ ಕಾಲದ ವಿದ್ವಾಂಸರನ್ನು ಕಟುವಾಗಿ ಟೀಕಿಸಿದ್ದರು. ಮಯ್ಯತ್‌ನ ಗುಸ್ಲ್ ಕೂಡ ಫರ್ಝ್ ಕಿಫಾಯಾ. ಒಂದನ್ನು ನಾವು ನೆನಪಿಟ್ಟೆವು, ಇನ್ನೊಂದನ್ನು ಮರೆತೆವು. ವೇದಿಕೆಗಳಲ್ಲಿ ಇಬ್ನ್ ಸೀನಾ, ಅಲ್ ರಾಝಿಯವರ ಹೆಸರು ಹೇಳಿ ಹೆಮ್ಮೆಪಡುತ್ತೇವೆ. ಅವರ ಹೆಸರಿನಲ್ಲಿ ಹೆಮ್ಮೆಪಡುವುದು ಸುಲಭ, ಹತ್ತನೇ ತರಗತಿ ಮುಗಿಸಿದ ಮಗನನ್ನು ಜೀನ್ಸ್ ಹೊಲಿಯುವ ಯಂತ್ರದ ಮುಂದೆ ಕೂರಿಸದೆ ಪಿಯುಸಿ ವಿಜ್ಞಾನಕ್ಕೆ ಸೇರಿಸುವುದು ಕಷ್ಟ. ಹೊಲಿಗೆ ಹಲಾಲ್ ದುಡಿಮೆ, ಅದರಿಂದಲೇ ಈ ಊರಿನ ಸಾವಿರಾರು ಒಲೆಗಳು ಉರಿಯುತ್ತಿವೆ. ಆದರೂ ಪ್ರತಿ ಮೊಹಲ್ಲಾದಿಂದ ಒಬ್ಬ ಹುಡುಗ, ಒಬ್ಬ ಹುಡುಗಿ ವಿಜ್ಞಾನದ ದಾರಿ ಹಿಡಿಯಲು ನಮ್ಮ ಝಕಾತ್, ಸದಕಾಗಳು ನೆರವಾಗಬಾರದೇ? ಊರಿನಲ್ಲಿಯೇ ವೈದ್ಯಕೀಯ ಕಾಲೇಜಿದೆ, ಬೆಂಗಳೂರಿನಲ್ಲಿ ದೇಶವೇ ಮೆಚ್ಚುವ ಸಂಶೋಧನಾ ಕೇಂದ್ರಗಳಿವೆ. ದಾರಿ ದೂರವಿಲ್ಲ.

ಬಾಗಿಲು ದಾಟಬೇಕಾಗಿದೆ

ಕಮಿಟಿಯ ಹಿರಿಯರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಮಸೀದಿಯಲ್ಲಿ ಗುಸ್ಲ್‌ನ ಸಾಮಾನುಗಳ ಜೊತೆ ಕೈಗವಸು, ಪ್ಲಾಸ್ಟಿಕ್ ಏಪ್ರನ್, ಮಾಸ್ಕ್ ಮತ್ತು ಬ್ಲೀಚಿಂಗ್ ಪುಡಿಯನ್ನು ಇಡಿರಿ. ಪ್ರತಿಯೊಂದು ಮಯ್ಯತ್‌ಗೂ ಅವನ್ನು ಬಳಸಿರಿ, ಯಾರ ರೋಗವನ್ನೂ ವಿಚಾರಿಸದೆ. ಆಗ ಯಾರಿಗೂ ಅವಮಾನವಿಲ್ಲ, ಯಾರಿಗೂ ಅಪಾಯವಿಲ್ಲ. ಕೈಯಲ್ಲಿ ಗಾಯವಿದ್ದವರು ಅಂದು ದೂರವಿರಲಿ. ಗುಸ್ಲ್ ನೀಡುವವರಿಗೆಲ್ಲ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿರಿ. ಖತ್ನಾ, ಹಿಜಾಮಾಗಳಿಗೆ ಹೊಸ ಬ್ಲೇಡ್ ಇಲ್ಲದಿದ್ದರೆ ಅನುಮತಿ ಕೊಡಬೇಡಿರಿ. ನಿಕಾಹ್‌ಗೆ ಮುನ್ನ ವಧೂ–ವರರು ತಾವಾಗಿಯೇ ಪರೀಕ್ಷೆ ಮಾಡಿಸಿಕೊಳ್ಳಲು ಪ್ರೋತ್ಸಾಹಿಸಿರಿ, ಬಲವಂತ ಬೇಡ, ಫಲಿತಾಂಶ ಅವರಿಬ್ಬರ ಅಮಾನತ್ ಆಗಿರಲಿ. ಮತ್ತು ಇಮಾಮರು ವರ್ಷಕ್ಕೆ ಒಂದು ಖುತ್ಬಾವನ್ನಾದರೂ ಈ ವಿಷಯಕ್ಕೆ ಮೀಸಲಿಡಲಿ.

ಆ ಇಬ್ಬರು ವೃದ್ಧರಲ್ಲಿ ಒಬ್ಬರು ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಅವರ ಗುಸ್ಲ್‌ನಲ್ಲಿ ನಾನಿದ್ದೆ. ಅಂದು ಅವರು ಒಳಗೆ ಹೋದದ್ದೇಕೆಂದು ಬದುಕಿದ್ದಾಗ ಒಮ್ಮೆ ಕೇಳಿದ್ದೆ. “ಬೇಟಾ, ಅವನ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು” ಎಂದಿದ್ದರು, ಅಷ್ಟೇ. ಅವರಿಗೆ ವೈರಾಣುವಿನ ವಿಷಯ ತಿಳಿದಿರಲಿಲ್ಲ. ನನಗೆ ಈಗ ತಿಳಿದಿದೆ, ನಿಮಗೂ ತಿಳಿದಿದೆ. ಇನ್ನು ಮುಂದೆ ಬಾಗಿಲ ಬಳಿ ನಿಂತುಬಿಡಲು ನಮಗೆ ನೆಪವಿಲ್ಲ.

ಅಲ್ಲಾಹನು ನಮಗೆ ಉಪಯುಕ್ತ ಜ್ಞಾನವನ್ನೂ, ಅದರಂತೆ ನಡೆಯುವ ಧೈರ್ಯವನ್ನೂ ಕರುಣಿಸಲಿ. ರೋಗಿಗಳಿಗೆ ಶಿಫಾ ನೀಡಲಿ. ಆಮೀನ್.

ಅಸ್ಸಲಾಮು ಅಲೈಕುಮ್ ವರಹ್ಮತುಲ್ಲಾಹ್.